ಓರೆಯಾದ ಮಣಿಕಟ್ಟು

ಜೆಲ್ ತಣ್ಣಗಿದೆ, ಸ್ವಲ್ಪ ಚುರ್ರೆನ್ನಬಹುದು, ಎಂದುಬಿಟ್ಟಳು ಕೊಲೆಟ್, ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು — ಬೆನ್ನುಹುರಿ ತುಂಡಾದವನಿಗೆ, ಹೊಕ್ಕುಳಿಂದ ಕೆಳಗೆ ಬಿಸಿ ತಂಪು ಯಾವುದೂ ತಿಳಿಯದವನಿಗೆ, ಇಷ್ಟು ವರ್ಷ ಸ್ಕ್ಯಾನ್ ಮಾಡಿದರೂ ಬಾಯಿಯ ರೂಢಿ ಹೋಗಲಿಲ್ಲ, ವೆಂಡೆಲ್ ನಗುತ್ತಾನೆ, ಐಸೇ ಸುರೀರಿ ಕೊಲೆಟ್, ನನ್ನ ತೊಡೆ ಯಾರ ಹತ್ರಾನೂ ದೂರು ಹೇಳಲ್ಲ, ನಗಬೇಕಿತ್ತು, ನಕ್ಕಳು, ಭುಜದಲ್ಲಿ ಅದೇ ಹಳೆಯ ನೋವು, ಪರದೆಯ ಬೂದು ಮಂಜಿನಲ್ಲಿ ತೊಡೆಯ ರಕ್ತನಾಳ ಎದ್ದಿತು, ಕಪ್ಪು ವೃತ್ತ, ಹಿಗ್ಗುತ್ತದೆ, ಕುಗ್ಗುತ್ತದೆ, ಹೋದ ಸಲಕ್ಕಿಂತ ಸಣ್ಣದಾಗಿದೆಯೇ, ಅಳೆಯದೆ ಹೇಳಬಾರದು, ಆದರೆ ಕಣ್ಣಿಗೆ ಮೊದಲೇ ಗೊತ್ತಾಗುತ್ತದೆ, ಬೆಳೆಯಿಲ್ಲದ ಮಡಿಗೆ ಯಾರು ನೀರು ಬಿಡುತ್ತಾರೆ, ನಡೆಯದ ಕಾಲಿನ ನಾಳವನ್ನು ದೇಹವೇ ಕಿರಿದು ಮಾಡುತ್ತಾ ಬರುತ್ತದೆ, ಅದನ್ನು ತಡೆಯಲೆಂದೇ ಅಲ್ಲವೇ ಈ ಅಧ್ಯಯನ, ಆ ಸೈಕಲ್ಲು, ತೊಡೆಗೆ ತಂತಿ ಅಂಟಿಸಿ ಕರೆಂಟು ಕೊಟ್ಟರೆ ಕಾಲು ತಾನೇ ತುಳಿಯುತ್ತದೆ, ನಾಳ ಕುಗ್ಗದೆ ಉಳಿದವರಿಗೆ ಇನ್ನೊಂದು ವರ್ಷ, ಮಿಕ್ಕವರ ಮನೆಯಿಂದ ಸೈಕಲ್ಲು ವಾಪಸು, ಸಸ್ಕಾಟೂನ್ ಪಟ್ಟಣದಾಚೆ ಗೋಧಿ ಕಣಜದ ಏಣಿಯಿಂದ ಬಿದ್ದ ಈ ಮನುಷ್ಯ ಆ ಸೈಕಲ್ಲಿಗೆ ತನ್ನ ಸತ್ತ ಕುದುರೆಯ ಹೆಸರಿಟ್ಟಿದ್ದಾನೆ, ಬೆಸ್ಸಿ, ಅದರ ಮೇಲೆ ಕೂತಾಗ ನನ್ನ ಕಾಲು ನನ್ನವೇ ಅನ್ಸುತ್ತೆ ಕಣ್ರೀ, ಎಂದಿದ್ದ ಹೋದ ಸಲ, ತಮಾಷೆ ಮಾಡದೆ, ಈಗ ಕೇಳುತ್ತಿದ್ದಾನೆ, ಹೇಗಿದೆ, ಹೇಳೋ ಹಾಗಿಲ್ಲ ಅಂತ ನಿಮಗೇ ಗೊತ್ತಲ್ಲ, ಅಂದಳು, ಬಾಯಲ್ಲಿ ಬೇಡ, ಒಂದು ಹುಬ್ಬು ಎತ್ತಿ ಸಾಕು, ಏನೂ ಹೇಳಲ್ಲ ಅಂತ ಹುಬ್ಬಿಗೂ ಸಹಿ ಮಾಡಿಸ್ಕೊಂಡಿದ್ದಾರೆ, ವೆಂಡೆಲ್, ಅಯ್ಯೋ ನಿಮ್ಮ ಸಂಬಳ ಸಾಲದು ಬಿಡಿ — ಸ್ಕ್ಯಾನ್ ಕಡ್ಡಿ ಹಿಡಿದ ಅವಳ ಮಣಿಕಟ್ಟು ವಾಲಿತು, ಕೂದಲೆಳೆಯಷ್ಟು, ದಣಿವೋ ಬೇಕೆಂದೋ, ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದ ಹಾಗೆ ವೃತ್ತ ಮೊಟ್ಟೆಯಾಯಿತು, ಅಗಲ ಹೆಚ್ಚು ಸಿಗುತ್ತದೆ ಹೀಗೆ, ಕಲಿಯುವವರು ಮಾಡುವ ತಪ್ಪು, ಎಷ್ಟು ಜನರ ಕೈ ಹಿಡಿದು ನೆಟ್ಟಗೆ ಮಾಡಿದ್ದಾಳೆ ಅವಳೇ, ಇಲ್ಲಿ ಒತ್ತಿ ಚಿತ್ರ ನಿಲ್ಲಿಸಿದರೆ ಸಾಕು, ಬೆಸ್ಸಿ ಉಳಿಯುತ್ತದೆ, ಅವಳ ಕೈಯನ್ನು ಯಾರು ಅನುಮಾನಿಸುತ್ತಾರೆ, ಆಮೇಲೆ ಎಲ್ಲೋ ಇನ್ನೊಬ್ಬ ಬೀಳುತ್ತಾನೆ, ಈ ಅಳತೆ ನಂಬಿ ಅವನಿಗೂ ಹೇಳುತ್ತಾರೆ ತುಳಿ, ನಾಳ ಉಳಿಯುತ್ತದೆ, ಅವನು ನಂಬಿ ತುಳಿಯುತ್ತಾನೆ, ತುಳಿಯುತ್ತಲೇ ಇರುತ್ತಾನೆ — ವೆಂಡೆಲ್ ಪರದೆ ನೋಡುತ್ತಿಲ್ಲ, ಅವಳ ಮುಖ ನೋಡುತ್ತಿದ್ದಾನೆ, ಬೆರಳು ಗುಂಡಿಯ ಮೇಲಿದೆ, ಮಣಿಕಟ್ಟು ನೋಯುತ್ತಾ ನೆಟ್ಟಗಾಯಿತು, ಮೊಟ್ಟೆ ದುಂಡಗಾಯಿತು, ಕಪ್ಪು, ಹಿಗ್ಗುತ್ತದೆ, ಕುಗ್ಗುತ್ತದೆ, ಸಣ್ಣದು, ಸಣ್ಣದೇ