ಒಂದೇ ವಿಮಾನ, ನಾಲ್ಕು ಸ್ವೆಟರ್

ಒಂದು ಊರಿಗೆ ವಿಮಾನ ಬಿಡುವುದೆಂದರೆ ನಕ್ಷೆಯ ಮೇಲೆ ಗೆರೆ ಎಳೆದಷ್ಟು ಸುಲಭ ಎಂದುಕೊಂಡವರು ನಮ್ಮ ಕಚೇರಿಗೆ ಬಂದು ಒಂದು ವಾರ ಕೂರಬೇಕು. ಅಗ್ಗದ ಟಿಕೆಟ್ ಮಾರುವ ವಿಮಾನ ಕಂಪನಿ ನಮ್ಮದು. ಹೊಸ ದಾರಿ ಹುಡುಕುವುದು ನನ್ನ ಕೆಲಸ. ಯಾವ ಊರಿನ ನಿಲ್ದಾಣ ಇಳಿಯುವುದಕ್ಕೆ ಕಡಿಮೆ ಬಾಡಿಗೆ ಕೇಳುತ್ತದೆ, ಅಲ್ಲಿಗೆ ಹೋಗುವ ರೈಲು ಜನರನ್ನು ಎಷ್ಟು ಗೋಳು ಹೊಯ್ದುಕೊಳ್ಳುತ್ತದೆ, ವಿಮಾನ ರಾತ್ರಿ ಮನೆಗೆ ಬಂದು ಮಲಗುತ್ತದೆಯೋ ಇಲ್ಲ ಪೈಲಟ್‌ಗೆ ಪರವೂರಲ್ಲಿ ಹೋಟೆಲ್ ಕೋಣೆ ಕೊಡಿಸಬೇಕೋ, ಎಲ್ಲ ನೋಡಬೇಕು. ದೊಡ್ಡ ಊರಿನ ದೊಡ್ಡ ನಿಲ್ದಾಣವೆಂದರೆ ನಮಗೆ ಆಗಿಬರುವುದಿಲ್ಲ. ಅಲ್ಲಿ ವಿಮಾನ ಸಾಲಿನಲ್ಲಿ ನಿಲ್ಲಬೇಕು, ನಿಂತ ವಿಮಾನ ಕೂತು ಉಣ್ಣುವ ಅಳಿಯನಿದ್ದಂತೆ.

ಈ ಮಾತನ್ನು ಎದ್ದರೆ ಕೂತರೆ ಹೇಳುವವರು ನಮ್ಮ ಮುಖ್ಯಸ್ಥರು. ಕಚೇರಿಯಲ್ಲಿ ಅವರನ್ನು ಕರೆಯುವುದೇ ಗಡಿಯಾರ ಎಂದು, ಅವರ ಬೆನ್ನ ಹಿಂದೆ ಮಾತ್ರ. ವಿಮಾನ ಇಳಿದು, ಜನ ಇಳಿದು, ಕಸ ಗುಡಿಸಿ, ಬೇರೆ ಜನ ಹತ್ತಿ, ಮತ್ತೆ ಹೊರಡುವುದಕ್ಕೆ ಅವರು ಕೊಡುವುದು ಇಪ್ಪತ್ತೈದು ನಿಮಿಷ. ಇಪ್ಪತ್ತಾರಾಯಿತೆಂದರೆ ಹರಳೆಣ್ಣೆ ಕುಡಿದ ಮುಖ.

ನಮ್ಮ ಜಾಲತಾಣದಲ್ಲಿ ಜನ ಯಾವ ಊರಿಂದ ಯಾವ ಊರಿಗೆ ವಿಮಾನ ಹುಡುಕಿದರು, ಎಲ್ಲಿ ಸಿಗದೆ ವಾಪಸಾದರು ಎಂಬುದು ಸೋಮವಾರ ಸೋಮವಾರ ನನ್ನ ಪರದೆಯ ಮೇಲೆ ಬರುತ್ತದೆ. ಒಂದು ಸೋಮವಾರ ಅದನ್ನು ನೋಡಿ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಎಷ್ಟೋ ವರ್ಷಗಳಿಂದ ಹುಲ್ಲು ಕೊಯ್ಯುವವರಿಗಷ್ಟೇ ಕೆಲಸ ಕೊಟ್ಟಿದ್ದ ಒಂದು ಪುಟ್ಟ ನಿಲ್ದಾಣ. ನಮ್ಮೂರಿಂದ ಅಲ್ಲಿಗೆ, ಅಲ್ಲಿಂದ ನಮ್ಮೂರಿಗೆ, ಜನ ಮುಗಿಬಿದ್ದು ಹುಡುಕಿದ್ದರು. ಅದು ನಮ್ಮ ದೊಡ್ಡಮ್ಮನ ಊರು. ಅಷ್ಟಾದರೂ ನನಗೆ ಅನುಮಾನ ಬರಲಿಲ್ಲ ನೋಡಿ!

ಗಡಿಯಾರ ಅವರಂತೂ ಮೇಜಿನ ಸುತ್ತ ಒಂದು ಸುತ್ತು ಕುಣಿದೇ ಬಂದರು.

"ಹೋಗ್ತಾನೂ ತುಂಬುತ್ತೆ, ಬರ್ತಾನೂ ತುಂಬುತ್ತೆ! ಇಂಥ ದಾರಿ ದುರ್ಬೀನು ಹಾಕಿ ಹುಡುಕಿದ್ರೂ ಸಿಗಲ್ಲ ಕಣಮ್ಮ!"

ಆ ನಿಲ್ದಾಣದ ಮ್ಯಾನೇಜರಿಗೆ ಫೋನ್ ಮಾಡಿದರೆ ಆತ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಮೊದಲ ವರ್ಷ ಬಾಡಿಗೆ ಬೇಡವೇ ಬೇಡ ಮೇಡಂ. ನೀವು ಬನ್ನಿ ಸಾಕು!" ಎಂದುಬಿಟ್ಟ.

ಸಂಜೆ ಮನೆಗೆ ಹಾರಿಕೊಂಡೇ ಬಂದೆ. ಅಮ್ಮ ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು ಉಲ್ಲನ್ ಹೆಣೆಯುತ್ತಿದ್ದಳು. ಸುದ್ದಿ ಹೇಳಿದೆ. ಅವಳು ಕಡ್ಡಿಯಿಂದ ಕಣ್ಣೆತ್ತದೆ, "ಅಂತೂ ಎಣಿಸಿದ್ರಾ?" ಎಂದಳು.

ಬಿಡಿಸಿ ಕೇಳಿದಾಗ ಎಲ್ಲ ಹೊರಬಿತ್ತು. ಯಾವಾಗಲೋ ಊಟದ ಹೊತ್ತಿಗೆ ನಾನು "ಹುಡುಕೋರು ಇದ್ರೆ ವಿಮಾನ ತಾನಾಗೇ ಬರುತ್ತೆ" ಎಂದಿದ್ದೆನಂತೆ. ಅಮ್ಮ ಅದನ್ನು ತನ್ನ ಹೆಣಿಗೆ ಬಳಗಕ್ಕೆ ಹೇಳಿದಳು. ಫೋನಿನಲ್ಲಿ ದೊಡ್ಡಮ್ಮನಿಗೆ ಹೇಳಿದಳು. ದೊಡ್ಡಮ್ಮನಿಗೂ ಅಲ್ಲೊಂದು ಹೆಣಿಗೆ ಬಳಗವಿದೆ.

"ಒಂದು ಸಾಲು ಹೆಣೆಯೋದು, ಒಂದು ಸಲ ಫೋನಲ್ಲಿ ವಿಮಾನ ಹುಡುಕೋದು," ಅಂದಳು ಅಮ್ಮ. "ಕೈಗೂ ವ್ಯಾಯಾಮ."

"ಅಮ್ಮಾ, ಇದು ಶುದ್ಧ ಮೋಸ! ನನ್ನ ಕೆಲಸಕ್ಕೆ ಕಲ್ಲು ಹಾಕ್ತಿದೀಯಲ್ಲ!"

"ಮೋಸ ಏನು ಬಂತು? ಹೋಗಬೇಕು ಅಂತ ಇರೋರೇ ತಾನೇ ಹುಡುಕಿದ್ದು?" ಕಡ್ಡಿ ಒಂದು ಕ್ಷಣ ನಿಂತಿತು. "ಆರು ವರ್ಷ ಆಯ್ತು. ದಿನಾ ಬೆಳಿಗ್ಗೆ ಫೋನಲ್ಲಿ ದನಿ ಕೇಳಿ ಕೇಳಿ ಸಾಕಾಗಿದೆ ಕಣೇ. ನಾನು ಅಕ್ಕನ್ನ ಮುಟ್ಟಬೇಕು."

ಎರಡು ಕಡೆ ರೈಲು ಬದಲಿಸಬೇಕು, ಎರಡೂ ಕಡೆ ಮೆಟ್ಟಿಲು ಹತ್ತಿ ಸೇತುವೆ ದಾಟಬೇಕು. ದೊಡ್ಡಮ್ಮನಿಗೆ ಮಂಡಿ ಇಲ್ಲ, ಅಮ್ಮನಿಗೆ ಸೊಂಟ ಇಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮರುದಿನ ಗಡಿಯಾರ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಹರಳೆಣ್ಣೆ ಮುಖ ಬಂತು. ಬಂದರೆ ಬರಲಿ ಎಂದು ನಾನೂ ಬಿಡಲಿಲ್ಲ.

"ಸಾರ್, ವ್ಯಾಪಾರಸ್ಥರು ಕೆಲಸ ಇದ್ರೆ ಬರ್ತಾರೆ. ಪ್ರವಾಸಿಗರು ರಜೆ ಇದ್ರೆ ಬರ್ತಾರೆ. ನೆಂಟರು ಹಾಗಲ್ಲ. ಹುಟ್ಟಿದ್ರೂ ಬರ್ತಾರೆ, ಸತ್ರೂ ಬರ್ತಾರೆ, ಜಗಳ ಆಡೋಕೆ ಬರ್ತಾರೆ, ಆಮೇಲೆ ರಾಜಿ ಮಾಡ್ಕೊಳ್ಳೋಕೂ ಬರ್ತಾರೆ. ನೆಂಟಸ್ತನಕ್ಕೆ ಸೀಸನ್ ಇಲ್ಲ ಸಾರ್."

ಅವರು ಗಲ್ಲ ಕೆರೆದುಕೊಂಡರು. "ಒಂದು ಹಾರಾಟ. ಒಂದೇ ಒಂದು. ನಾನೇ ಬಂದು ನಿಂತ್ಕೊತೀನಿ. ಅಲ್ಲಿ ಇಪ್ಪತ್ತೈದು ನಿಮಿಷದಲ್ಲಿ ತಿರುಗಿದ್ರೆ ದಾರಿ ಉಳೀತು. ಇಲ್ಲಾಂದ್ರೆ ನಿಮ್ಮಮ್ಮ ರೈಲೇ ಹತ್ತಲಿ."

ಆ ದಿನ ಬಂತು. ಬೆಳಿಗ್ಗೆ ಅಮ್ಮ ಕೋಣೆಯಿಂದ ಹೊರಬಂದಳು, ಸುತ್ತಿಟ್ಟ ಹಾಸಿಗೆಯ ಹಾಗೆ. ಆರು ವರ್ಷದಲ್ಲಿ ಅಕ್ಕನಿಗೆಂದು ಹೆಣೆದ ನಾಲ್ಕು ಸ್ವೆಟರ್‌ಗಳನ್ನು ಒಂದರ ಮೇಲೊಂದು ಹಾಕಿಕೊಂಡಿದ್ದಳು.

"ಹೆಚ್ಚು ಚೀಲಕ್ಕೆ ತಾನೇ ನಿಮ್ಮವರು ದಂಡ ಹಾಕೋದು? ಮೈಗೆ ಹಾಕಲ್ವಲ್ಲ," ಎಂದಳು ಬೆವರೊರೆಸಿಕೊಳ್ಳುತ್ತ. "ಅಕ್ಕನಿಗೆ ಹೇಳಿಬಿಟ್ಟೀಯ, ಜೋಕೆ. ಬಾಗಿಲು ತೆಗೆದ ತಕ್ಷಣ ಬೆಚ್ಚಿಬೀಳಬೇಕು."

ಪುಟ್ಟ ನಿಲ್ದಾಣದಲ್ಲಿ ಇಳಿದಾಗ ಆ ಮ್ಯಾನೇಜರೇ ಮುಂದೊಂದು ಹಿಂದೊಂದು ಏಣಿ ತಳ್ಳಿ ತಂದ, ಆತನೇ ಸಲಾಮು ಹೊಡೆದ, ಆತನೇ ಓಡಿ ಹೋಗಿ ಧ್ವನಿವರ್ಧಕದಲ್ಲಿ ಸ್ವಾಗತ ಕೋರಿದ. ಗಡಿಯಾರ ಅವರು ಕೆಳಗೆ ನಿಂತು ಕೈಗಡಿಯಾರದ ಗುಂಡಿ ಒತ್ತಿದರು. ನಾನು ಅಮ್ಮನನ್ನು ಮುಂದಿನ ಏಣಿಯಿಂದ ಮೆಲ್ಲಗೆ ಇಳಿಸಿದೆ. ವಾಪಸ್ ಹೋಗುವ ಪ್ರಯಾಣಿಕರು ಹಳದಿ ಹಗ್ಗದ ಆಚೆ ಸಾಲಾಗಿ ನಿಂತಿದ್ದರು. ಸಾಲಿನ ಮೊದಲಿಗೆ, ಕೋಲೂರಿಕೊಂಡು, ತಲೆಯ ಮೇಲೆ ಒಂದರ ಮೇಲೊಂದು ಮೂರು ಉಲ್ಲನ್ ಟೋಪಿ ಹಾಕಿಕೊಂಡು, ದೊಡ್ಡಮ್ಮ ನಿಂತಿದ್ದಳು.

"ಅಕ್ಕಾ!"

"ಪುಟ್ಟೀ! ನೀನಿಲ್ಲಿ ಏನು ಮಾಡ್ತಿದೀಯೇ?"

"ನಿನ್ನ ನೋಡೋಕೆ ಬಂದೆ! ನೀನೆಲ್ಲಿಗೆ ಹೊರಟೆ?"

"ನಿನ್ನ ನೋಡೋಕೆ!"

ದುಡ್ಡಿರುವ ಕಂಪನಿಯಾಗಿದ್ದರೆ ಅಲ್ಲಿಂದೊಂದು ಇಲ್ಲಿಂದೊಂದು ವಿಮಾನ ಬಿಡುತ್ತಿತ್ತು. ಅಕ್ಕ ತಂಗಿ ಆಕಾಶದಲ್ಲೇ ಒಬ್ಬರನ್ನೊಬ್ಬರು ದಾಟಿ ಹೋಗಿ, ಬೀಗ ಹಾಕಿದ ಮನೆಗಳ ಮುಂದೆ ನಿಲ್ಲುತ್ತಿದ್ದರು. ಹೋದ ವಿಮಾನವೇ ಬರಬೇಕೆನ್ನುವ ನಮ್ಮ ಜಿಪುಣತನ ಇಬ್ಬರನ್ನೂ ಒಂದೇ ಏಣಿಯ ಬುಡದಲ್ಲಿ ತಂದು ನಿಲ್ಲಿಸಿತ್ತು.

ದೊಡ್ಡಮ್ಮ ಹಗ್ಗದಡಿ ನುಸುಳಿಯೇ ಬಂದಳು, ಆ ಮಂಡಿ ಇಟ್ಟುಕೊಂಡು. ಇಬ್ಬರೂ ತಬ್ಬಿಕೊಂಡರು. ನಾಲ್ಕು ಸ್ವೆಟರಿನ ಸುತ್ತ ದೊಡ್ಡಮ್ಮನ ಕೈ ಸಾಲುತ್ತಿರಲಿಲ್ಲ. ಆಮೇಲೆ ಅಮ್ಮ ಒಂದೊಂದೇ ಸ್ವೆಟರ್ ಬಿಚ್ಚಿ ಅಕ್ಕನ ಹೆಗಲಿಗೆ ಹಿಡಿದು ಅಳತೆ ನೋಡತೊಡಗಿದಳು, ದೊಡ್ಡಮ್ಮ ಒಂದೊಂದೇ ಟೋಪಿ ತೆಗೆದು ತಂಗಿಯ ತಲೆಗೆ ಇಟ್ಟಳು.

"ಹತ್ತು ನಿಮಿಷ ಆಯ್ತು!" ಎಂದು ಗಡಿಯಾರ ಅವರು ಕೂಗಿದರು.

"ಆರು ವರ್ಷ ಆಯ್ತು!" ಎಂದು ದೊಡ್ಡಮ್ಮ ತಿರುಗಿ ಕೂಗಿದಳು. "ನೀವು ಹತ್ತು ನಿಮಿಷಕ್ಕೇ ಹೀಗೆ ಕುಣೀತೀರಲ್ಲ!"

"ನಡಿ ಅಕ್ಕ, ನಿನ್ನ ಮನೆಗೇ ಹೋಗೋಣ," ಎಂದಳು ಅಮ್ಮ.

"ಯಾಕೆ? ನಾನು ಜನ್ಮದಲ್ಲಿ ವಿಮಾನ ಹತ್ತಿಲ್ಲ. ಟಿಕೆಟ್ ವಾಪಸ್ ಕೊಟ್ರೆ ನಿನ್ನ ಮಗಳ ಕಂಪನಿ ಬಿಡಿಗಾಸೂ ಕೊಡಲ್ಲ. ಇವತ್ತು ಹತ್ತೇ ಹತ್ತುತ್ತೀನಿ!"

"ಹಂಗಾದ್ರೆ ನಾನೂ ವಾಪಸ್ ಬರ್ತೀನಿ!"

ಮ್ಯಾನೇಜರ್ ಒಂದು ಸೀಟು ಉಳಿದಿದೆ ಎಂದು ಟಿಕೆಟ್ ತರಲು ಓಡಿದ. ನಿಯಮದ ಪ್ರಕಾರ ಅಮ್ಮನ ತಪಾಸಣೆ ಮತ್ತೆ ಆಗಬೇಕು. ಸ್ವೆಟರ್‌ಗಳು ಒಂದೊಂದಾಗಿ ಯಂತ್ರದೊಳಗೆ ಹೋದವು. ದಾರಿ ಹೋಯಿತು, ಇನ್ನು ರೈಲೇ ಗತಿ ಎಂದು ಅಳುವುದೊಂದು ಬಾಕಿ.

ಆದರೆ ನಾನು ಒಂದು ವಿಷಯ ಮರೆತಿದ್ದೆ. ನಮ್ಮ ವಿಮಾನದಲ್ಲಿ ಸೀಟಿಗೆ ನಂಬರಿಲ್ಲ, ಮೊದಲು ಹೋದವರಿಗೆ ಬೇಕಾದ ಜಾಗ. ಬೇರೆ ದಿನ ಜನ ಚೀಲ ನೋಡುತ್ತ, ಫೋನ್ ನೋಡುತ್ತ, ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತ ಹತ್ತುತ್ತಾರೆ. ಈ ದಿನ ಅಕ್ಕತಂಗಿಯರ ಕಥೆ ಏನಾಗುತ್ತದೋ ನೋಡಬೇಕಲ್ಲ! ದೊಡ್ಡಮ್ಮನ ಹೆಣಿಗೆ ಬಳಗ ಮುಂದಾಗಿ, ಉಳಿದವರು ಅದರ ಹಿಂದಾಗಿ, ಕಿಟಕಿ ಹಿಡಿಯಲು ಹಿಂದಿನ ಏಣಿಯಿಂದ ನುಗ್ಗಿದರು. ನಾನು ತಲೆ ಎತ್ತಿ ನೋಡುವಷ್ಟರಲ್ಲಿ ನಮ್ಮ ಕಡೆಯ ಪ್ರತಿ ಕಿಟಕಿಯಲ್ಲೂ ಚಪ್ಪಟೆಯಾದ ಒಂದೊಂದು ಮೂಗು ಕಾಣುತ್ತಿತ್ತು. ಹತ್ತುವುದಕ್ಕೆ ಉಳಿದಿದ್ದವರು ನಾವು ನಾಲ್ವರೇ.

ನಾವೂ ಹತ್ತಿದೆವು, ಬಾಗಿಲು ಮುಚ್ಚಿತು. ಗಡಿಯಾರ ಅವರು ಕೈಗಡಿಯಾರ ನೋಡಿದರು, ಅಲ್ಲಾಡಿಸಿದರು, ಕಿವಿಗಿಟ್ಟುಕೊಂಡರು.

"ಇಪ್ಪತ್ತೊಂದು," ಎಂದರು. "ನಮ್ಮ ಕಂಪನಿಲಿ ಯಾವತ್ತೂ ಆಗಿಲ್ಲ."

ಕೊನೆಗೆ ಹತ್ತಿದವರಿಗೆ ಉಳಿದದ್ದು ಎರಡನೇ ಸಾಲಿನಲ್ಲೊಂದು, ತೀರಾ ಹಿಂದೊಂದು ನಡುವಿನ ಸೀಟು. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಡಿಯಾರ ಅವರು ಬರುವಾಗ ಇಳಿಯುವ ಮೊದಲೇ ತಮಗೂ ನನಗೂ ಮೊದಲ ಸಾಲಿನಲ್ಲಿ ಕರವಸ್ತ್ರ ಹಾಕಿ ಎರಡು ಸೀಟು ಹಿಡಿದಿದ್ದರು. ಕರವಸ್ತ್ರ ತೆಗೆದು ಜೇಬಿಗಿಟ್ಟುಕೊಂಡು ಹಿಂದಕ್ಕೆ ನಡೆದರು. ಅಲ್ಲಿ ಹೆಣಿಗೆ ಬಳಗದ ಇಬ್ಬರ ನಡುವೆ ಸಿಕ್ಕಿಬಿದ್ದರು. ವಿಮಾನ ಏರುವ ಮೊದಲೇ ಅವರ ಭುಜದ ಅಳತೆ ತೆಗೆದಾಗಿತ್ತು.

ನಾನು ಅಕ್ಕತಂಗಿಯರ ಹಿಂದೆಯೇ ಕೂತೆ. ದಿನಾ ಬೆಳಿಗ್ಗೆ ಫೋನಿನ ಬ್ಯಾಟರಿ ಬಿಸಿಯಾಗುವ ತನಕ ಮಾತಾಡುವ ಈ ಇಬ್ಬರು ಈಗ ತುಟಿ ಪಿಟಕ್ಕೆನ್ನಲಿಲ್ಲ. ಮೋಡ ದಾಟಿದ ಮೇಲೆ ದೊಡ್ಡಮ್ಮ ಅಮ್ಮನ ಕೈಯನ್ನು ಮಡಿಲಿಗೆ ಎಳೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿದಳು.

"ಪುಟ್ಟಿ, ನಿನ್ನ ಕೈ ಇಷ್ಟು ಸಣ್ಣ ಆಗಿದೆ ಅಂತ ಫೋನಲ್ಲಿ ಒಂದು ದಿನಾನೂ ಹೇಳಲಿಲ್ವಲ್ಲೇ."

"ಫೋನಲ್ಲಿ ಅದೆಲ್ಲ ಎಲ್ಲಿ ಗೊತ್ತಾಗುತ್ತಕ್ಕಾ," ಎಂದು ಅಮ್ಮ ಆ ಹೆಗಲಿಗೆ ತಲೆ ಒರಗಿಸಿದಳು.

ನನಗೆ ಅಳು ನಗು ಎರಡೂ ಒಟ್ಟಿಗೇ ಬಂತು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ನನ್ನ ಕೈಗೆ ಉಲ್ಲನ್ ಉಂಡೆ ಕೊಟ್ಟು ಕಣ್ಣೊರೆಸಿಕೊಳ್ಳಲು ಹೇಳಿದಳು.

ಇಳಿಯುವಾಗ ಗಡಿಯಾರ ಅವರು ಸಾಲು ದಾಟಿಕೊಂಡು ಮುಂದೆ ಬಂದರು. "ದಾರಿ ಉಳೀತಮ್ಮ. ವಾರಕ್ಕೆ ಮೂರು ಸಲ ಬಿಡೋಣ," ಎಂದರು ದೊಡ್ಡ ಮನಸ್ಸು ಮಾಡಿ.

"ಮೂರೇನಾ?" ದೊಡ್ಡಮ್ಮ ಕನ್ನಡಕ ಏರಿಸಿದಳು. "ಪುಟ್ಟಿ, ಫೋನ್ ತೆಗಿ."