ಕೊನೆಯಿಂದ ಓದುವವಳು

೧.
ಟಿಕ್. ನಡುರಾತ್ರಿ ಬಚ್ಚಲುಮನೆಯಲ್ಲಿ ಸ್ಟ್ರಿಪ್ಪಿನಿಂದ ಮಾತ್ರೆಯೊಂದು ಹೊರಬಂದ ಸದ್ದು. ಕಥೆಯನ್ನು ಇಲ್ಲಿಂದ ಶುರು ಮಾಡಬಹುದೇ? (ಇಷ್ಟು ಸಣ್ಣ ಸದ್ದಿಗೆ ಓದುಗರು ಏಳುತ್ತಾರೆಯೇ? ಅವಳ ಗಂಡನಂತೂ ಏಳಲಿಲ್ಲ.)

೨.
ಬೇಡ, ಅವಳ ಕೆಲಸದಿಂದ ಶುರು ಮಾಡೋಣ. ಅವಳು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವಳು. ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಗಳೆಲ್ಲ ಅವಳ ಕಣ್ಣು ದಾಟಿಯೇ ಹೋಗಬೇಕು. ಅರ್ಥದ ಸೆಳೆತಕ್ಕೆ ಸಿಕ್ಕರೆ ತಪ್ಪುಗಳು ಜಾರಿಹೋಗುತ್ತವೆಂದು ಅವಳು ಕೊನೆಯ ಪದದಿಂದ ಮೊದಲ ಪದದ ಕಡೆಗೆ ಓದುತ್ತಾಳೆ. ಗರ್ಭನಿರೋಧಕ ಮಾತ್ರೆಯ ಚೀಟಿಯನ್ನೂ ಹಾಗೆಯೇ ಓದಿದ್ದಳು. ಅದರಲ್ಲಿ ಒಂದು ಕಾಗುಣಿತವೂ ತಪ್ಪಿಲ್ಲ.

೩.
ಹೋದ ವರ್ಷ ಆರನೇ ತಿಂಗಳಲ್ಲಿ ಮಗು ಹೋಯಿತು. ಅವಳ ಜೀವವೂ ಹೋಗಿ ಬಂತು. ಇನ್ನೆರಡು ವರ್ಷ ಬಸಿರು ಬೇಡ ಎಂದರು ಡಾಕ್ಟರು. (ಈ ಪ್ಯಾರಾವನ್ನು ಮೂರು ಸಲ ಬರೆದು ಹರಿದೆ. ಉದ್ದವಾದಷ್ಟೂ ಸುಳ್ಳಾಗುತ್ತಿತ್ತು.)

ಗಂಡ ಮೂರು ತಿಂಗಳು ಬೇರೆ ಊರಿಗೆ ಕೆಲಸಕ್ಕೆ ಹೋದಾಗ ಮಾತ್ರೆ ಬಿಟ್ಟಳು. ಅವನು ಬರುವ ಮುನ್ನಾದಿನ, ಮುಟ್ಟಿಗೂ ಕಾಯದೆ, ಮತ್ತೆ ಶುರು ಮಾಡಿದಳು.

೪.
ಮೂರು ವಾರವಾಯಿತು. ಓಕರಿಕೆ, ತಲೆನೋವು, ಮೊಲೆಗಳಲ್ಲಿ ನೋವು. ಅಕ್ಕನಿಗೆ ಫೋನ್ ಮಾಡಿದಳು.

"ಮತ್ತೆ ಶುರು ಮಾಡಿದ್ರೆ ಹಾಗೇ ಕಣೇ. ನನಗಂತೂ ಒಂದು ತಿಂಗಳು ನಿಮ್ ಭಾವನ ಮುಖ ನೋಡಿದ್ರೂ ವಾಂತಿ ಬರ್ತಿತ್ತು."

"ಅದು ಮಾತ್ರೆಯಿಂದಲೇ ಅಂತ ಹೇಗೆ ಗೊತ್ತಾಯ್ತಕ್ಕ?"

"ಆಮೇಲೆ ವಾಂತಿ ನಿಂತೋಯ್ತು. ಭಾವ ಹಾಗೇ ಇದ್ರು."

ಅಂದು ರಾತ್ರಿ ಅವಳು ಆ ಚೀಟಿಯನ್ನು ಮೊದಲ ಸಲ ಮೊದಲಿನಿಂದ ಓದಿದಳು. ಬಿಟ್ಟು ಮತ್ತೆ ಆರಂಭಿಸಿದರೆ, ಮೊದಲ ಏಳು ದಿನ ಮಾತ್ರೆಯೊಂದೇ ಸಾಲದು; ಕಾಂಡೋಮ್‌ನಂಥ ಬೇರೆ ಮುನ್ನೆಚ್ಚರಿಕೆಯೂ ಇರಲಿ.

ಗಂಡ ಬಂದದ್ದು ಎರಡನೇ ದಿನ.

೫.
ಕೊನೆ ಒಂದು: ಟೆಸ್ಟ್ ಕಿಟ್ಟಿನಲ್ಲಿ ಒಂದೇ ಗೆರೆ. ನೀವು ನಿಟ್ಟುಸಿರು ಬಿಡುತ್ತೀರಿ.

ಕೊನೆ ಎರಡು: ಎರಡು ಗೆರೆ.

"ಎರಡನ್ನೂ ಹೊಡೆದುಹಾಕಿ," ಎಂದಳು ಅವಳು ನನಗೆ. "ನೀವು ಕಥೆ ಕಟ್ಟೋಕೆ ನನ್ನ ಮೈಯೇ ಬೇಕಿತ್ತಾ?"

"ಓದುಗರು ಕೇಳ್ತಾರಮ್ಮ."

"ಕೇಳ್ಲಿ. ಬಾಗಿಲು ಹಾಕ್ಕೋತೀನಿ."

ಕಿಟ್ ಹಿಡಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಹೊರಗುಳಿದೆ. (ನಿಮ್ಮ ಜೊತೆ.)

೬.
ಬೆಳಿಗ್ಗೆ ಅದೇ ಚೀಟಿಯ ಮರುಮುದ್ರಣದ ಪ್ರೂಫ್ ಬಂತು. ಏಳು ದಿನದ ಸಾಲಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಬೋಲ್ಡ್' ಎಂದು ಬರೆದಳು.

"ತಪ್ಪಿತ್ತಾ ಮೇಡಂ?" ಎಂದ ಡಿಟಿಪಿ ಮಾಡುವವನು.

"ತಪ್ಪೇನಿಲ್ಲ. ಕಣ್ಣಿಗೆ ಬೀಳ್ಲಿ ಅಂತ."

"ರಾತ್ರಿ ನಿದ್ದೆ ಇಲ್ವಾ? ಕಣ್ಣು ಕೆಂಪಗಿದೆ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಇವನಿಗಿರಲಿ, ಗಂಡನಿಗೂ ಇಲ್ಲ, ಅಕ್ಕನಿಗೂ ಇಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಚಿಲಕ ತೆಗೆಯುವ ಮೊದಲೇ ತೀರ್ಮಾನಿಸಿದ್ದಳು. (ನನಗೂ.)