ಗೋಡೆಯ ಮೇಲಿನ ಸಾಕ್ಷಿ

ಗಾರೆ ಕೆಲಸದ ಮಾರ್ಸಿಯಾಲ್ ತೀರಿಕೊಂಡ ಸುದ್ದಿ ಮಂಗಳವಾರ ಮಧ್ಯಾಹ್ನ ಬಂತು. ಗೋಡೆಗೆ ಆಸರೆ ನಿಲ್ಲಿಸಲು ಓಕ್ ತೊಲೆಗಳನ್ನು ತರುತ್ತೇನೆಂದು ಬೆಳಿಗ್ಗೆ ಹೋದವನು ಮರ ಕೊಯ್ಯುವ ಕಾರ್ಖಾನೆಯ ಅಂಗಳದಲ್ಲೇ ಎದೆ ಹಿಡಿದುಕೊಂಡು ಕುಸಿದನಂತೆ. ಹೇಳಲು ಬಂದ ಅವನ ತಮ್ಮ ಲೆಯೊನಾರ್ ಬಾಗಿಲಲ್ಲೇ ನಿಂತುಬಿಟ್ಟ. ಹೆಂಡತಿ ಸೊಲಾಂಜ್ ಎಲೆಕೋಸಿನ ಸೂಪನ್ನು ಒಲೆಯಿಂದ ಇಳಿಸಿ ಶಿಲುಬೆಯ ಗುರುತು ಮಾಡಿಕೊಂಡಳು.

ಆ ಹಳೆಯ ಮನೆಯನ್ನು ಗಂಡಹೆಂಡಿರು ಕೊಂಡು ಮೂರು ವರ್ಷವಾಗಿತ್ತು. ಮಣ್ಣು ಮೆತ್ತಿ ಕಟ್ಟಿದ ದಪ್ಪ ಕಲ್ಲುಗೋಡೆಗಳು, ಅಡಿಪಾಯವೆಂಬುದೇ ಇಲ್ಲ. ತೇವ ಹೋಗಲೆಂದು ಮಾರ್ಸಿಯಾಲ್ ಅಡುಗೆಮನೆಯ ನೆಲ ಅಗೆದಿದ್ದ. ವಾರದೊಳಗೆ ಉತ್ತರದ ಗೋಡೆ ಬಿರುಕುಬಿಟ್ಟಿತು. ಅವನು ಬಿರುಕಿಗೆ ಅಡ್ಡಲಾಗಿ ಅಂಗೈಯಗಲ ಪ್ಲಾಸ್ಟರ್ ಮೆತ್ತಿ ಮೇಲೆ ತಾರೀಖು ಗೀಚಿದ. ಗಾರೆಯವರ ಮಾತಿನಲ್ಲಿ ಅದು ‘ಸಾಕ್ಷಿ’. ಅದು ಸೀಳಿತೆಂದರೆ ಗೋಡೆ ಜರುಗುತ್ತಿದೆ ಎಂದೇ ಲೆಕ್ಕ.

"ಇದು ಒಡೆದ ದಿನ ಒಳಗೆ ನಿಲ್ಲಬೇಡ ಕಣೆ. ನಾನು ಊಟಕ್ಕೆ ಕೂತಿದ್ರೂ ಬಿಟ್ಟು ಓಡು," ಎಂದು ನಕ್ಕಿದ್ದ.

ಮರುದಿನ ಸೊಲಾಂಜ್ ಇಗರ್ಜಿಗೆ ಹೋಗಿ ಬರುವಷ್ಟರಲ್ಲಿ ಶವ ಮನೆಗೆ ಬಂದಿತ್ತು. ಅಗೆದ ನೆಲದ ಮೇಲೆ ಹಲಗೆ ಹಾಸಿ, ಪೆಟ್ಟಿಗೆಯನ್ನು ಅಡುಗೆಮನೆಯಲ್ಲೇ ತೆರೆದಿಟ್ಟಿದ್ದರು. ಸಾವಿನ ಮನೆಯ ಪದ್ಧತಿಯಂತೆ ಗಡಿಯಾರ ನಿಲ್ಲಿಸಿದ್ದರು. ಊರವರು ಹಸಿರು ಕಡ್ಡಿಯನ್ನು ತೀರ್ಥದಲ್ಲಿ ಅದ್ದಿ ಒಬ್ಬೊಬ್ಬರಾಗಿ ಶವದ ಮೇಲೆ ಪ್ರೋಕ್ಷಿಸುತ್ತಿದ್ದರು. ಏಳು ತಿಂಗಳ ಬಸುರಿ ಮಗಳು ವಲೇರಿ ಉತ್ತರದ ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದಳು. ಅವಳ ಹಿಂದಿನ ಗೋಡೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು.

ಬಿರುಕೂ ಕಾಣುತ್ತಿರಲಿಲ್ಲ, ತಾರೀಖೂ ಕಾಣುತ್ತಿರಲಿಲ್ಲ.

"ಲೆಯೊನಾರ್, ಗೋಡೆ ಮೇಲಿದ್ದ ಸಾಕ್ಷಿ ಎಲ್ಲಿ?"

"ಆ ಪ್ಲಾಸ್ಟರಾ ಅತ್ತಿಗೆ? ಅದರ ಮೇಲೂ ದಪ್ಪಗೆ ಸುಣ್ಣ ಹೊಡೆದೆ. ಜನ ಬರೋ ಹೊತ್ತಲ್ಲಿ ಅಣ್ಣ ಬಿರುಕು ಗೋಡೆ ಪಕ್ಕ ಮಲಗೋದಾ? ಗಾರೆಯವನ ಮರ್ಯಾದೆ ಏನಾಗ್ಬೇಕು?"

"ಬಳಿಯುವಾಗ ಅದು ಒಡೆದಿತ್ತಾ?"

"ನಾನು ದನ ಸಾಕೋನು. ಹಸು ಹಲ್ಲು ನೋಡಿ ವಯಸ್ಸು ಹೇಳ್ತೀನಿ. ಗೋಡೆ ನೋಡಿ ಏನು ಹೇಳ್ಲಿ?"

"ವಲೇರಿ, ಏಳಮ್ಮ. ಎಲ್ಲರೂ ಆಚೆ ನಡೀರಿ. ಅಪ್ಪನ್ನೂ ಆಚೆ ತರೋಣ."

"ಅಮ್ಮಾ, ನೀನು ನಿದ್ದೆ ಮಾಡಿಲ್ಲ. ಅದಕ್ಕೇ ಹೀಗೆ. ಸುಮ್ನೆ ಕೂತ್ಕೋ."

"ಪಾದ್ರಿ ಬರೋ ಮುಂಚೆ ಹೆಣ ಹೊಸ್ತಿಲು ದಾಟಿಸ್ತಾರೇನೆ?" ಎಂದಳು ನೆರೆಮನೆಯ ಮುದುಕಿ.

ಸೊಲಾಂಜ್ ನೇರ ಗೋಡೆಯ ಬಳಿಗೆ ನಡೆದಳು. ಬ್ರೆಡ್ಡು ಕೊಯ್ಯುವ ಚಾಕು ತೆಗೆದುಕೊಂಡು ಸುಣ್ಣ ಕೆರೆದಳು. ಹಸಿ ಸುಣ್ಣ ಮೊಸರಿನ ಕೆನೆಯಂತೆ ಕಿತ್ತುಬಂತು. ಗಂಡನ ಕೈಬರಹದ ತಾರೀಖು ಕಂಡಿತು. ತಾರೀಖಿನ ನಡುವೆಯೇ ಸೀಳು. ಚಾಕುವಿನ ಅಲಗು ಅದರೊಳಗೆ ಹಿಡಿಯವರೆಗೂ ತಡೆಯಿಲ್ಲದೆ ಇಳಿಯಿತು. ಗೋಡೆಯ ಹೊಟ್ಟೆಯಲ್ಲೆಲ್ಲೋ ಸಣ್ಣ ಕಲ್ಲುಗಳು ಜರಜರನೆ ಉರುಳಿದವು.

ಲೆಯೊನಾರನಿಗೂ ಕೇಳಿಸಿತು. ಅವನು ಕೈಯೆತ್ತಿ ಎಲ್ಲರನ್ನೂ ತಡೆದ.

"ಯಾರೂ ಓಡ್ಬೇಡಿ... ಮೆಲ್ಲಗೆ ನಡೀರಿ. ವಲೇರಿ, ನೀನು ಮೊದಲು."

ಜನ ಉಸಿರು ಬಿಗಿಹಿಡಿದು ಸಾಲಾಗಿ ಹೊರಟರು. ಕೊನೆಗೆ ನಾಲ್ವರು ಪೆಟ್ಟಿಗೆ ಎತ್ತಿದರು. ಹಲಗೆ ಕಿರುಗುಟ್ಟಿದಾಗಲೆಲ್ಲ ಸೊಲಾಂಜ್ ‘ಈಗ ಬಿತ್ತು, ಈಗ ಬಿತ್ತು’ ಎಂದುಕೊಂಡಳು. ಮಾರ್ಸಿಯಾಲನ ಜೋಡಿಸಿದ್ದ ಕೈಗಳ ಮೇಲೆ ಮಣ್ಣು ಉದುರಿತು. ಅವಳು ಪೆಟ್ಟಿಗೆಯ ಅಂಚು ಬಿಡದೆ ಹಿಂದೆಯೇ ನಡೆದಳು.

ವಾಲ್ನಟ್ ಮರದ ಕೆಳಗೆ ಪೆಟ್ಟಿಗೆ ಇಳಿಸುತ್ತಿದ್ದಂತೆ ಉತ್ತರದ ಗೋಡೆ ಕುಸಿದು ಒಳಗೆ ಬಿತ್ತು. ಧೂಳು ಬಾಗಿಲಿನಿಂದ ಹೊರಗೆ ನುಗ್ಗಿತು. ವಲೇರಿ ಕುಳಿತಿದ್ದ ಬೆಂಚು ಕಲ್ಲಿನಡಿ ಕಾಣದಾಯಿತು. ಅವಳು ತಾಯಿಯ ತೋಳು ಹಿಡಿದುಕೊಂಡಳು.

"ನನ್ನ ಕೈಯಾರೆ ಎಲ್ಲರನ್ನೂ ಕೊಲ್ತಿದ್ದೆ ಅತ್ತಿಗೆ," ಎಂದ ಲೆಯೊನಾರ್.

"ಈಗ ಆ ಮಾತು ಬೇಡಪ್ಪ. ಮೊಣಕಾಲೂರು."

ಎಲ್ಲರೂ ಹುಲ್ಲಿನ ಮೇಲೆ ಮೊಣಕಾಲೂರಿದರು. ಸೊಲಾಂಜ್ ಮೆಲುದನಿಯಲ್ಲಿ ಬೇಡಿಕೊಂಡಳು: "ಸ್ವಾಮಿ, ದುಡಿದು ದಣಿದು ಬಂದ ನಿನ್ನ ಸೇವಕ ಮಾರ್ಸಿಯಾಲನನ್ನು ಸೇರಿಸಿಕೋ. ಅವನ ತಪ್ಪುಗಳನ್ನು ಮನ್ನಿಸು. ಅವನ ಆತ್ಮಕ್ಕೆ ನಿನ್ನ ಸನ್ನಿಧಿಯಲ್ಲಿ ಶಾಂತಿ ಕೊಡು. ಆಮೆನ್."